ಮೋಡಕ್ಕೆ ವರ್ಷಕ್ಕೊಂದು ಪರವಾನಗಿ

ನಿವೃತ್ತಳಾಗಿ ಮನೆಯಲ್ಲಿ ಕೂತ ಮೇಲೆ ಕಂಡವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಅಷ್ಟು ಎತ್ತರದಲ್ಲಿ ಭಯ ಆಗ್ತಿರಲಿಲ್ಲವಾ?" ಮೇಲೆ ಆಗಿದ್ದು ಕಡಿಮೆ, ಹೆಚ್ಚು ಆದದ್ದು ನೆಲದ ಮೇಲೆ, ಕ್ಯಾಲೆಂಡರಿನ ಮುಂದೆ ನಿಂತಾಗ ಎಂದರೆ ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ತಮಾಷೆಯಲ್ಲ. ವಿಮಾನ ಹಾರಿಸುವವರಿಗೆ ಲೈಸೆನ್ಸಿನ ಜೊತೆಗೆ ಇನ್ನೊಂದು ಅರ್ಹತೆ ಬೇಕು. ಮೋಡ ಕವಿದು ಹೊರಗೆ ಏನೂ ಕಾಣದಿದ್ದಾಗ ಎದುರಿನ ಮೀಟರುಗಳ ಮುಳ್ಳುಗಳನ್ನು ಮಾತ್ರ ನೋಡಿಕೊಂಡು ವಿಮಾನವನ್ನು ನಡೆಸಿ ಇಳಿಸಬಲ್ಲೆ ಎನ್ನುವುದಕ್ಕೆ ಅದು ಪುರಾವೆ. ನಾವು ಅದನ್ನು ಇನ್‌ಸ್ಟ್ರುಮೆಂಟ್ ರೇಟಿಂಗ್ ಎನ್ನುತ್ತೇವೆ. ಅದು ಮನೆಯ ಹೆಪ್ಪಿನ ಹಾಗೆ, ಒಮ್ಮೆ ಸಂಪಾದಿಸಿ ಬೀರುವಿನಲ್ಲಿ ಇಟ್ಟರೆ ಉಳಿಯುವುದಿಲ್ಲ. ವರ್ಷ ವರ್ಷವೂ ಪರೀಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು. ತಾರೀಖು ಒಂದು ದಿನ ದಾಟಿತೋ, ನೀವು ಬರೀ ಬಿಸಿಲಿನ ಪೈಲಟ್.

ನಾನು ಚಾಮರಾಜನಗರದ ಮೇಷ್ಟರ ಮಗಳು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ ಬಂದೆ. ಅಲ್ಲಿನ ವಿಮಾನ ನಿಲ್ದಾಣದ ಒಂದು ಮೂಲೆಯ ಸಣ್ಣ ತರಬೇತಿ ಶಾಲೆಯಲ್ಲಿ, ಜನರ ಈ ರೇಟಿಂಗನ್ನು ಜೀವಂತವಾಗಿ ಇಡಿಸುವುದೇ ನನ್ನ ಕೆಲಸವಾಯಿತು. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎನ್ನುವುದು ನನಗೇ ನೆನಪಿಲ್ಲ, ಅದನ್ನು ಬಿಡುತ್ತೇನೆ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ತಿಳಿಯಬೇಕಾದದ್ದು ಬೇರೆ ಇದೆ. ಅದರಲ್ಲಿ ಮುಖ್ಯವಾದದ್ದು, ನಿಮ್ಮ ಮೇಡಂ ಎಷ್ಟು ದೊಡ್ಡ ತಪ್ಪು ಮಾಡಿದ್ದರು ಎನ್ನುವುದು.

ಮೊದಲು ನಂಜಣ್ಣನ ಬಗ್ಗೆ ಹೇಳಬೇಕು. ಹೆಸರು ನಂಜಪ್ಪನ್, ನಮ್ಮ ಶಾಲೆಯ ಮೆಕ್ಯಾನಿಕ್, ಮನೆ ಕರುಮತ್ತಂಪಟ್ಟಿಯಲ್ಲಿ. ತಲೆಮಾರುಗಳ ಹಿಂದೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆತನ. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು, ಕನ್ನಡದ ಒಂದಕ್ಷರ ಓದಲು ಬಾರದು. ನಾನು ಸೇರಿದ ಮೊದಲ ದಿನ ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದೆ. ಈತ ರೆಕ್ಕೆಯ ಕೆಳಗಿನಿಂದ ತಲೆ ಹೊರಹಾಕಿ, "ಏನ್ ಮೇಡಂ, ನಮ್ ಮಾತು ಮಾತಾಡ್ತೀರಿ! ನೀವು ಯಾವ ಊರಾಳು?" ಎಂದ. ಆವತ್ತಿನಿಂದ ನನಗೆ ಆ ಊರಿನಲ್ಲಿ ಅಣ್ಣ ಒಬ್ಬ ಸಿಕ್ಕ.

ಮೋಡವಿಲ್ಲದ ದಿನ ಮೋಡದ ಅಭ್ಯಾಸ ಮಾಡಿಸಬೇಕಾದರೆ ಕಲಿಯುವವರಿಗೆ ಹೊರಗಿನದು ಕಾಣದಂತೆ ಮಾಡಬೇಕು. ಅದಕ್ಕೆ ಹುಡ್ ಅಂತ ಒಂದಿದೆ. ಟೋಪಿಯ ಹಾಗೆ ತಲೆಗೆ ಹಾಕಿಕೊಂಡರೆ ಕಣ್ಣಿನ ಮೇಲೆ ಉದ್ದ ಮರೆ ಬಂದು, ಎದುರಿನ ಮುಳ್ಳುಗಳಷ್ಟೇ ಕಾಣುತ್ತವೆ. ಪಕ್ಕದಲ್ಲಿ ಕೂತ ಇನ್ನೊಬ್ಬ ಪೈಲಟ್ ಹೊರಗೆ ಕಣ್ಣಿಟ್ಟಿರುತ್ತಾನೆ. ನಮ್ಮಲ್ಲಿದ್ದ ವಿದೇಶಿ ಹುಡ್‌ಗಳು ಒಂದೇ ಬೇಸಗೆಯಲ್ಲಿ ಸೀಳಿಹೋದವು. ನಂಜಣ್ಣ ಕರಿ ಪ್ಲಾಸ್ಟಿಕ್ ಬಕೆಟ್ ಕತ್ತರಿಸಿ, ತಿರುಪ್ಪೂರಿನ ಬನಿಯನ್ ಕಂಪನಿಯಿಂದ ತಂದ ಎಲಾಸ್ಟಿಕ್ ಹೊಲಿಸಿ, ಅರ್ಧ ಡಜನ್ ಮಾಡಿಕೊಟ್ಟ. ಹಾಕಿಕೊಂಡವರು ಸ್ನಾನದ ಮನೆಯಿಂದ ಓಡಿಬಂದ ಹಾಗೆ ಕಾಣುತ್ತಿದ್ದರು. ಆದರೆ ಅದರ ಸಂದಿಯಲ್ಲಿ ಒಂದು ಇಣುಕು ಬೆಳಕೂ ನುಸುಳುತ್ತಿರಲಿಲ್ಲ. "ಯಾರೂ ಕಳ್ಳನೋಟ ನೋಡೋಕಾಗಲ್ಲ ಮೇಡಂ, ಗ್ಯಾರಂಟಿ," ಎನ್ನುತ್ತಿದ್ದ.

ಹೊಸಬರಿಗೆ ನನ್ನ ಮೊದಲ ಪಾಠ ಆಫೀಸಿನ ತಿರುಗುವ ಕುರ್ಚಿಯಲ್ಲಿ. ಕಣ್ಣಿಗೆ ಬಟ್ಟೆ ಕಟ್ಟಿ, ನಿಧಾನವಾಗಿ ಬಲಕ್ಕೆ ತಿರುಗಿಸಿ, ಮೆಲ್ಲಗೆ ನಿಲ್ಲಿಸಿ, "ಈಗ ಎತ್ತ ತಿರುಗುತ್ತಿದ್ದೀರಿ?" ಎಂದು ಕೇಳುತ್ತಿದ್ದೆ. ನಿಂತ ಕುರ್ಚಿಯಲ್ಲಿ ಕೂತು "ಎಡಕ್ಕೆ" ಎಂದು ಆಣೆ ಮಾಡಿ ಹೇಳುತ್ತಿದ್ದರು. ಬಟ್ಟೆ ಬಿಚ್ಚಿದಾಗ ಅವರ ಮುಖ ನೋಡಬೇಕಿತ್ತು. ಕಿವಿಯೊಳಗಿನ ತಕ್ಕಡಿ ಸುಳ್ಳು ಹೇಳುತ್ತದೆ, ಕೂತ ಜಾಗ ಸುಳ್ಳು ಹೇಳುತ್ತದೆ, ಮೋಡದೊಳಗೆ ಮೈಯ ಮಾತು ಕೇಳಿದವನು ಕೆಟ್ಟ, ಮುಳ್ಳನ್ನು ನಂಬು. ಇದನ್ನು ನಾನು ನೂರಾರು ಜನಕ್ಕೆ ಹೇಳಿದ್ದೇನೆ. ಹೇಳುವುದು ಒಂದು, ಮಾಡುವುದು ಇನ್ನೊಂದು ಎಂಬುದು ಮುಂದೆ ಬರುತ್ತದೆ.

ನಮ್ಮ ಮೇಲಿನವರು ನಾಯರ್ ಸಾರ್. ಪಾಲಕ್ಕಾಡಿನವರು, ವಾಯುಪಡೆಯಲ್ಲಿ ದುಡಿದು ಬಂದವರು, ಶಾಲೆಯ ಮುಖ್ಯಸ್ಥರೂ ಹೌದು, ರೇಟಿಂಗಿಗೆ ಸಹಿ ಹಾಕುವ ಪರೀಕ್ಷಕರೂ ಹೌದು. ಅವರ ಷರ್ಟಿನ ಜೇಬಿನಲ್ಲಿ ಸದಾ ಎರಡು ಕಾಫಿಪುಡಿ ಡಬ್ಬದ ಮುಚ್ಚಳ. ಪರೀಕ್ಷೆಯ ನಡುವೆ ಸದ್ದಿಲ್ಲದೆ ಒಂದನ್ನು ತೆಗೆದು ಯಾವುದಾದರೂ ಮುಳ್ಳಿನ ಮೇಲೆ ಅಂಟಿಸಿ, "ಇದು ಕೆಟ್ಟಿತು" ಎನ್ನುವರು. ಉಳಿದದ್ದರಲ್ಲಿ ಹಾರಿಸಬೇಕು. ಒಮ್ಮೆ ಮುಚ್ಚಳಕ್ಕೆ ಅಂಟಿದ್ದ ಕಾಫಿಪುಡಿ ಅಭ್ಯರ್ಥಿಯ ಮೂಗಿಗೆ ಹಾರಿ, ಆತ ರನ್‌ವೇ ಮುಟ್ಟುವವರೆಗೂ ಸೀನಿದ. ಸಾರ್ ಪಾಸು ಮಾಡಿದರು. "ಸೀನುತ್ತಲೇ ಇದ್ದ, ಆದರೂ ಮುಳ್ಳು ಅಲ್ಲಾಡಲಿಲ್ಲ," ಎಂದು ವರದಿಯಲ್ಲಿ ಬರೆದರು.

ಬರುತ್ತಿದ್ದವರು ಬಗೆಬಗೆಯವರು. ಸ್ವಂತ ಪುಟ್ಟ ವಿಮಾನವಿದ್ದ ಒಬ್ಬ ಮಿಲ್ ಯಜಮಾನರಿದ್ದರು. ಹಾರುವುದರಲ್ಲಿ ಗಟ್ಟಿ, ಆದರೆ ರಾಹುಕಾಲದಲ್ಲಿ ಗೇಟು ದಾಟುವವರಲ್ಲ. ಒಂದು ವರ್ಷ ಅವರ ಪರೀಕ್ಷೆಗೆ ಸಿಕ್ಕ ಸಮಯ ಮಂಗಳವಾರ ಮೂರೂ ಕಾಲು, ರಾಹುಕಾಲ ಶುರುವಾಗಿ ಹದಿನೈದು ನಿಮಿಷ. ಬೇರೆ ಹೊತ್ತು ಕೇಳಿದರೆ ನಾಯರ್ ಸಾರ್ ಒಪ್ಪಲಿಲ್ಲ. ಆಗ ನಂಜಣ್ಣ ಉಪಾಯ ಹೇಳಿದ: "ಊರಿಗೆ ಹೋಗೋವಾಗ ಹೊತ್ತು ಸರಿಯಿಲ್ಲೇಂದ್ರೆ ಮುಂಚೆಯೇ ಪೆಟ್ಟಿ ತಂದು ಪಕ್ಕದ್ಮನೆ ತಿಣ್ಣೇಲಿ, ಜಗಲೀ ಮೇಲೆ, ಇಡೋದಿಲ್ವಾ? ಪಯಣ ಹೊರಟಾಯ್ತು ಅಂತ ಲೆಕ್ಕ. ಅಂಗೇ." ಮೂರಕ್ಕೆ ಹತ್ತು ನಿಮಿಷ ಇರುವಾಗ ಯಜಮಾನರನ್ನು ವಿಮಾನದಲ್ಲಿ ಕೂರಿಸಿ, ನಂಜಣ್ಣನೂ ನಾನೂ ಸೇರಿ ಅದನ್ನು ಕೈಯಿಂದ ಎರಡು ಅಡಿ ಮುಂದೆ ತಳ್ಳಿದೆವು. ಚಕ್ರದ ಕೆಳಗಿಟ್ಟಿದ್ದ ನಿಂಬೆಹಣ್ಣು ಪಚಕ್ಕೆಂದಿತು. ಯಜಮಾನರು ಕೈಮುಗಿದು ಇಳಿದು ಬಂದು ಟೀ ಕುಡಿದರು. ಮೂರೂ ಕಾಲಿಗೆ ನೆಮ್ಮದಿಯಿಂದ ಹತ್ತಿ ಹೋಗಿ ಸೊಗಸಾಗಿ ಹಾರಿಸಿ ಬಂದರು. ಇದನ್ನು ಓದಿ ನೀವು ನಗಬಹುದು. ಆದರೆ ನೆನಪಿಡಿ, ಗಾಬರಿಯ ಮನಸ್ಸಿನವನ ಕೈಯಲ್ಲಿ ಯಾವ ಮುಳ್ಳೂ ನಿಲ್ಲುವುದಿಲ್ಲ. ಎರಡು ಅಡಿ ತಳ್ಳಿದರೆ ಆ ಗಾಬರಿ ಹೋಗುವುದಾದರೆ ತಳ್ಳಿ.

ಇನ್ನು ತುಳಸಿಮಣಿಯ ವಿಷಯ. ಇವಳ ಸಲುವಾಗಿಯೇ ನಾನು ಇಷ್ಟೆಲ್ಲ ಬರೆಯಲು ಕೂತದ್ದು.

ಅವಳ ಅಪ್ಪ ಧಾರಾಪುರಂ ಕಡೆಯ ಬೇಸಾಯದ ಮನೆಯಿಂದ ಬಂದು ತಿರುಪ್ಪೂರಿನಲ್ಲಿ ಬನಿಯನ್, ಟೀ ಷರ್ಟು ಹೊಲಿಸುವ ಸಣ್ಣದೊಂದು ಬನಿಯನ್ ಕಂಪನಿ ಇಟ್ಟವರು. ಅವರೂ ಮನೆಯಲ್ಲಿ ಕನ್ನಡದವರೇ. ಮಗಳು ಪೈಲಟ್ ಲೈಸೆನ್ಸ್ ಪಡೆದ ವರ್ಷವೇ ವಿಮಾನ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದವು. ಆಗ ಲೈಸೆನ್ಸ್ ಇದ್ದ ಎಷ್ಟೋ ಮಕ್ಕಳು ಮನೆಯಲ್ಲಿ ಕೂತರು. ಕೆಲವರು ರೇಟಿಂಗ್ ಬಿಟ್ಟೇಬಿಟ್ಟರು. ತುಳಸಿ ಬಿಡಲಿಲ್ಲ. ವಾರವೆಲ್ಲ ಅಪ್ಪನ ಕಂಪನಿಯಲ್ಲಿ ಬಟ್ಟೆ ಚೆಕಿಂಗ್ ಮೇಜಿನ ಮುಂದೆ ನಿಲ್ಲುತ್ತಿದ್ದಳು. ವರ್ಷಕ್ಕೊಮ್ಮೆ ಆಡಿ ತಿಂಗಳು, ಅಂದರೆ ನಮ್ಮ ಆಷಾಢ, ಹತ್ತಿರ ಬಂದಾಗ ಅವಿನಾಶಿ ರಸ್ತೆಯ ಬಸ್ಸು ಹಿಡಿದು ನನ್ನ ಹತ್ತಿರ ಬಂದು, ಕೆಲವು ಗಂಟೆ ಅಭ್ಯಾಸ ಮಾಡಿ, ಪರೀಕ್ಷೆ ಕೊಟ್ಟು, ಸಹಿ ಹಾಕಿಸಿಕೊಂಡು ಹೋಗುತ್ತಿದ್ದಳು. ಹೀಗೆ ನಾಲ್ಕು ವರ್ಷ.

ಇದರಿಂದ ಅವಳಿಗೊಂದು ವಿಚಿತ್ರ ಕಷ್ಟ ಬಂತು. ಪ್ರತಿ ವರ್ಷ ಅದೇ ಪರೀಕ್ಷೆಗೆ ಹೋಗುತ್ತಾಳೆ ಎಂದರೆ ಪ್ರತಿ ವರ್ಷ ಫೇಲಾಗುತ್ತಾಳೆ ಎಂದೇ ನೆಂಟರೆಲ್ಲ ತಿಳಿದಿದ್ದರು. ಅವಳ ಅವ್ವನಿಗೂ ಆ ಗುಮಾನಿ.

"ಹೆಣ್ಣು ನೋಡಕ್ಕೆ ಬಂದೋರು ಕೇಳ್ತಾರೆ ಮೇಡಂ, 'ಇನ್ನೂ ಆ ಪರೀಚ್ಚೆ ಪಾಸಾಗಲಿಲ್ವಾ?' ಅಂತ," ಎಂದು ಅವಳೇ ನಕ್ಕು ಹೇಳಿದಳು. "ನಾನು ಪಾಸಾದೆ, ಅದಕ್ಕೇ ತಿರುಗ ಬರೀತೀನಿ ಅಂದ್ರೆ ಯಾರಿಗೂ ಪುರಿಯೋದಿಲ್ಲೆ, ಅರ್ಥವೇ ಆಗೋದಿಲ್ಲೆ."

"ನೀನೇನು ಹೇಳಿದೆ?"

"ಆಮಾ, ಹೌದು, ಪಾಸಾಗಲಿಲ್ಲೇಂತ ಹೇಳ್ಬಿಟ್ಟೆ. ಅವರು ಎದ್ದು ಹೋದರು. ಒಳ್ಳೇದೇ ಆಯ್ತು."

ಐದನೆಯ ವರ್ಷ ಗಾಳಿ ತಿರುಗಿತು. ಹೊಸ ಹೊಸ ವಿಮಾನ ಕಂಪನಿಗಳು ಬಂದವು, ಪೈಲಟ್‌ಗಳಿಗಾಗಿ ಹುಡುಕಾಟ ಶುರುವಾಯಿತು. ತುಳಸಿ ಅಂಥ ಒಂದು ಕಂಪನಿಯ ಕಾಗದ ಹಿಡಿದುಕೊಂಡು ಹ್ಯಾಂಗರಿಗೆ ಓಡಿಬಂದಳು. ಮುಂದಿನ ಸೋಮವಾರ ಚೆನ್ನೈನಲ್ಲಿ ಹಾಜರಾಗಬೇಕು, ಅಂದು ಎಲ್ಲ ರೇಟಿಂಗೂ ಊರ್ಜಿತವಾಗಿರಬೇಕು ಎಂದು ಅದರಲ್ಲಿತ್ತು. ಅವಳ ರೇಟಿಂಗ್ ಮುಗಿಯುವುದು ಅದರ ಹಿಂದಿನ ದಿನ, ಭಾನುವಾರ. ನಾನು ಹೆದರಲಿಲ್ಲ. ಎರಡು ವಾರದಿಂದ ಅವಳಿಗೆ ಅಭ್ಯಾಸ ಮಾಡಿಸುತ್ತಿದ್ದೆ. ನಾನು ಕಂಡ ಶಿಷ್ಯರಲ್ಲಿ ಅಷ್ಟು ನಯವಾದ ಕೈ ಇನ್ನೊಂದಿರಲಿಲ್ಲ. ಬಕೆಟ್ ಹುಡ್ ಹಾಕಿಕೊಂಡು, ರನ್‌ವೇಯ ದಾರಿ ತೋರಿಸುವ ಎರಡು ಮುಳ್ಳುಗಳನ್ನು ನಡುಮಧ್ಯದಲ್ಲಿ ಇಟ್ಟುಕೊಂಡೇ ಇಳಿಸುತ್ತಿದ್ದಳು. "ಕಣ್ಣು ಮುಚ್ಚಿ ಪಾಸಾಗ್ತೀಯ" ಎಂದೆ. ಮಂಗಳವಾರ ಬೆಳಗ್ಗೆ ಏಳಕ್ಕೆ ಪರೀಕ್ಷೆ ಎಂದು ನಾಯರ್ ಸಾರ್ ಬರೆದರು. ಈ ಸಲ ಆಡಿ ಹುಟ್ಟಿಬಿಟ್ಟಿತ್ತು, ಆಡಿ ತಿಂಗಳಲ್ಲಿ ಪಾಲಕ್ಕಾಡಿನ ಕಣಿವೆಯಿಂದ ಬರುವ ಗಾಳಿ ಹೊತ್ತೇರಿದಂತೆ ಹುಚ್ಚಾಗುತ್ತದೆ, ಅದಕ್ಕೆ ಬೆಳಗ್ಗೆಯೇ.

ಮಂಗಳವಾರ ಎಂಟು ಗಂಟೆಗೆ ವಿಮಾನ ಇಳಿಯಿತು. ಬಾಗಿಲು ತೆರೆದು ಮೊದಲು ಇಳಿದ ತುಳಸಿಯ ಮುಖ ನೋಡಿಯೇ ಏನೋ ಕೆಟ್ಟಿದೆ ಎಂದುಕೊಂಡೆ. ನಾಯರ್ ಸಾರ್ ಹಿಂದಿನಿಂದ ಇಳಿದು, "ಫೇಲ್" ಎಂದರು. "ಎರಡು ಸಲ ಅವಕಾಶ ಕೊಟ್ಟೆ. ಎರಡು ಸಲವೂ ದಾರಿಯಿಂದ ಮೇಲೆ ಹೋದಳು. ಮುಳ್ಳು ತುದಿಗೆ ಹೋಗಿ ನಿಂತರೂ ಅವಳ ಕೈ ಏನನ್ನೋ ಕಾಯುತ್ತಿತ್ತು. ಏನನ್ನು ಅಂತ ನನಗೆ ಗೊತ್ತಾಗಲಿಲ್ಲ."

ತುಳಸಿ ಅಳಲಿಲ್ಲ. ಹ್ಯಾಂಗರಿನ ಗೋಡೆಗೆ ಒರಗಿ ಕೂತು, "ಏನಾಯ್ತಂತ ನನಗೂ ಗೊತ್ತಿಲ್ಲೆ ಮೇಡಂ. ವಿಮಾನ ಸತ್ತೇ ಹೋದಂಗೆ ಇತ್ತು, ಒಂಚೂರೂ ಅಲ್ಲಾಡಲೇ ಇಲ್ಲ," ಎಂದಳು. ನನಗೆ ಕೋಪ ಬಂತು. ನನ್ನ ಸ್ವಭಾವವೇ ಅದು, ದುಃಖವಾದರೂ ಕೋಪವೇ ಬರುವುದು. "ಅಲ್ಲಾಡದಿದ್ದರೆ ಸುಲಭ ಅಲ್ಲವೇನೇ? ಅಂಥಾ ತಿಳಿ ಗಾಳಿಯಲ್ಲಿ ಯಾರಾದರೂ ಫೇಲಾಗುತ್ತಾರಾ?" ಎಂದು ರೇಗಿದೆ.

ಸ್ಪ್ಯಾನರ್ ಒರೆಸುತ್ತಾ ನಿಂತಿದ್ದ ನಂಜಣ್ಣ ಬಾಯಿ ಹಾಕಿದ. "ಮೇಡಂ, ಕೋವಿಸ್ಕೋಬೇಡಿ. ಒಂದು ಮಾತು ಹೇಳ್ಲಾ?"

ನಮ್ಮ ಅಭ್ಯಾಸದ ಹಾರಾಟಗಳಲ್ಲಿ ಆತ ಎಷ್ಟೋ ಸಲ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದ, ಎಂಜಿನ್ನಿನ ಸದ್ದು ಕೇಳಲು ಎಂದು ನೆಪ. ನಿಜಕ್ಕೂ ಮೇಲಿನಿಂದ ತನ್ನ ಮನೆ ನೋಡಲು.

"ನೀವು ದಿನಾ ಮಧ್ಯಾಹ್ನ ಎರಡಕ್ಕೆ ತಾನೆ ಹಾರ್ಸೋದು? ದೊಡ್ಡ ವಿಮಾನ ಯಾವುದೂ ಇಲ್ಲದ ಹೊತ್ತು. ಬಿಸಿಲು ಕಾಯ್ತಾ ಇರ್ತದೆ. ಇಳಿಯೋ ದಾರೀಲಿ ಮೊದಲು ಒಂದು ಏರಿ ಬರ್ತದಲ್ಲ, ತಣ್ಣನೆ ನೀರು. ಅಲ್ಲಿ ವಿಮಾನ ತೊಪ್ಪಂತ ಇಳೀತದೆ. ಅಪ್ಪುರಂ ನಮ್ಮೂರು. ಮಗ್ಗದ ಶೆಡ್ಡು, ಎಲ್ಲಾ ತಗಡು, ಕಾದು ಕೆಂಡ. ಅಲ್ಲಿ ಎತ್ತಿ ಹಾಕ್ತದೆ. ನಾನು ಹಿಂದೆ ಕೂತು ನೋಡಿದೀನಿ. ಏರಿ ಬಂದಾಗ ಈ ಕಣ್ಣು ಎಂಜಿನ್ ಲಿವರು ಮುಂದಕ್ಕೆ ತಳ್ತದೆ, ನಮ್ಮೂರು ಬಂದಾಗ ಹಿಂದಕ್ಕೆ ಎಳೀತದೆ. ಮುಳ್ಳು ಅಲ್ಲಾಡೋದು ಅದಾದ ಮೇಲೆ."

'ಏರಿ' ಎಂದರೆ ಅವರ ಮಾತಿನಲ್ಲಿ ಕೆರೆ. 'ಅಪ್ಪುರಂ' ಎಂದರೆ ಆಮೇಲೆ. 'ಕಣ್ಣು' ಎಂದರೆ ಮುದ್ದಿನ ಮಗಳು.

ಎಲ್ಲ ಸ್ಪಷ್ಟವಾಯಿತು. ಹುಡುಗಿಯ ಕಣ್ಣಿಗೆ ಮರೆ ಕಟ್ಟಿದ್ದೆ, ಮೈಗೆ ಕಟ್ಟಿರಲಿಲ್ಲ. ಐದು ವರ್ಷ ಒಂದೇ ಹೊತ್ತು, ಒಂದೇ ದಾರಿ, ಅದೇ ಕೆರೆ, ಅದೇ ತಗಡು. ಅವಳು ಮುಳ್ಳುಗಳನ್ನು ನೋಡುತ್ತಿದ್ದಳು ನಿಜ, ಆದರೆ ಹಾರಿಸುತ್ತಿದ್ದದ್ದು ಕೂತ ಜಾಗಕ್ಕೆ ತಾಗುವ ಕುಲುಕಿನಿಂದ. ಹಿಂದಿನ ನಾಲ್ಕು ಪರೀಕ್ಷೆಗಳೂ ಆಡಿ ಹುಟ್ಟುವ ಮುಂಚೆ, ಮಧ್ಯಾಹ್ನವೇ ನಡೆದಿದ್ದವು, ಆದ್ದರಿಂದ ಯಾರಿಗೂ ತಿಳಿಯಲಿಲ್ಲ. ಬೆಳಗ್ಗೆ ಏಳಕ್ಕೆ ಕೆರೆಯೂ ತಣ್ಣಗೆ, ತಗಡೂ ತಣ್ಣಗೆ. ಬರಬೇಕಾದ ಕುಲುಕು ಬರಲಿಲ್ಲ, ಕೆರೆ ಕೆಳಗೆಳೆಯುತ್ತದೆ ಎಂದು ವಿಮಾನವನ್ನು ತುಸು ಮೇಲೇ ಇಟ್ಟುಕೊಂಡು ಅದನ್ನು ಕಾಯುತ್ತಾ ಅವಳು ದಾರಿ ತಪ್ಪಿದಳು. ಕುರ್ಚಿ ತಿರುಗಿಸಿ ಮೈಯನ್ನು ನಂಬಬೇಡಿ ಎಂದು ಸಾರಿದ ನಾನೇ ಅವಳಿಗೆ ಮೈಯನ್ನು ನಂಬುವುದನ್ನು ಕಲಿಸಿದ್ದೆ.

"ಇನ್ನೊಂದು ಹೇಳ್ಬೋದಾ?" ಎಂದ ನಂಜಣ್ಣ. "ನೀವೂ ಅಂಗೇ ಮಾಡ್ತೀರಿ."

"ಏನು?"

"ನಿಮ್ ಕೈಯೂ ಅಂಗೇ ಹೋಗ್ತದೆ, ಮೇಡಂ."

ಸುಳ್ಳು ಎಂದು ತೋರಿಸಲು ಬುಧವಾರ ಬೆಳಗ್ಗೆ ಆರೂವರೆಗೆ ಇನ್ನೊಬ್ಬ ಬೋಧಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಲೆಗೆ ಬಕೆಟ್ ಹಾಕಿಕೊಂಡು ಹಾರಿದೆ. ಹಿಂದೆ ತುಳಸಿ ಮತ್ತು ನಂಜಣ್ಣ. ವಿಮಾನ ಬೆಣ್ಣೆಯ ಮೇಲೆ ಜಾರಿದ ಹಾಗೆ ಸಾಗಿತು. ನನ್ನ ಕೈ, ದೇವರಾಣೆ, ಕೆರೆಯನ್ನು ಕಾಯಿತು. ಮುಳ್ಳು ತುದಿಗೆ ಹೋಗುವುದನ್ನು ನೋಡುತ್ತಲೇ ಇದ್ದೆ, ಕೈ ಮಾತ್ರ ಬರಲಿಲ್ಲ. ಇಷ್ಟು ವರ್ಷದ ಅನುಭವ, ಇಷ್ಟು ಸಾವಿರ ಗಂಟೆ, ಎಲ್ಲ ಕರುಮತ್ತಂಪಟ್ಟಿಯ ತಗಡಿನ ಮೇಲೆ ನಿಂತಿತ್ತು. ಇಳಿದು ಹುಡ್ ತೆಗೆದಾಗ ನನಗೆ ಅಳು ಬರಬೇಕಿತ್ತು, ನಗು ಬಂತು. ತುಳಸಿಯೂ ನಕ್ಕಳು. ಫೇಲಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಗುರುವೂ ಫೇಲು ಎಂದು ತಿಳಿದರೆ ಶಿಷ್ಯರಿಗೆ ಎಷ್ಟು ಧೈರ್ಯ ಬರುತ್ತದೆ ಎಂದು ಆವತ್ತು ಕಂಡೆ. ನೀವು ಮುಂದೆ ಬೋಧಕರಾದರೆ ಇದನ್ನು ಮರೆಯಬೇಡಿ.

ನಾಯರ್ ಸಾರ್ ಹತ್ತಿರ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಅವರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಡೈರಿ ತೆರೆದರು. "ಶನಿವಾರ ಸಂಜೆ ನಾನು ಊರು ಬಿಡುತ್ತೇನೆ. ಶನಿವಾರ ಬೆಳಗ್ಗೆ ಏಳೂವರೆ. ಅದಾದ ಮೇಲೆ ಈ ವಾರ ನಾನಿಲ್ಲ. ಅಷ್ಟರೊಳಗೆ ಸರಿಮಾಡಿದರೆ ಸರಿ," ಎಂದರು. ಉಳಿದದ್ದು ಗುರುವಾರ, ಶುಕ್ರವಾರ. ಎರಡೇ ದಿನದಲ್ಲಿ ಐದು ವರ್ಷದ ಅಭ್ಯಾಸವನ್ನು ಬಿಡಿಸಬೇಕು, ಇಲ್ಲದಿದ್ದರೆ ಸೋಮವಾರ ಚೆನ್ನೈಗೆ ಅವಳು ಹೋಗಿ ಪ್ರಯೋಜನವಿಲ್ಲ. ಅವಳ ಹೆಸರಿನ ಕೆಳಗೆ ಬೇರೆಯವರ ಹೆಸರು ಕಾದಿತ್ತು.

ಗುರುವಾರ ಬೇರೆ ಬೇರೆ ಎತ್ತರ, ಬೇರೆ ಬೇರೆ ದಿಕ್ಕಿನಿಂದ ತಂದೆ. ಕೆರೆ ಎಲ್ಲಿದೆ ಎಂದು ದೇವರಿಗೂ ತಿಳಿಯದ ಹಾಗೆ ಸುತ್ತಿಸಿದೆ. ಅವಳಿಗೆ ಇನ್ನಷ್ಟು ಗಾಬರಿಯಾಯಿತು. ಒಂದು ಮುಳ್ಳು ತಪ್ಪಿದರೆ ಅದನ್ನೇ ನೋಡುತ್ತಾ ಕೂತು ಉಳಿದವನ್ನು ಬಿಡುತ್ತಿದ್ದಳು. ನನ್ನ ತಾಳ್ಮೆ ತೀರಿತು. ಕೆಳಗಿಳಿದು ಟೀ ಅಂಗಡಿಯಲ್ಲಿ ಕೂತಾಗ ಕೇಳಿದೆ: "ನಿಮ್ಮ ಕಂಪನಿಯಲ್ಲಿ ದಿನಕ್ಕೆ ಎಷ್ಟೊಂದು ಕಾಲರಿನ ಟೀ ಷರ್ಟು ನೋಡ್ತೀಯಲ್ಲ, ಅಲ್ಲೂ ಹೀಗೇ ಒಂದನ್ನೇ ನೋಡ್ತಾ ನಿಲ್ತೀಯಾ?"

"ಅದೆಂಗೆ ಆಗ್ತದೆ ಮೇಡಂ? ಅಪ್ಪ ಓಡಿಸ್ಬಿಡ್ತಾರೆ."

"ಮತ್ತೆ ಹೇಗೆ ನೋಡ್ತೀಯ?"

ಅವಳು ಟೀ ಲೋಟ ಕೆಳಗಿಟ್ಟು, ನನ್ನ ಅಂಗಿಯ ಕಡೆ ಕೈ ಚಾಚಿ ತೋರಿಸಿದಳು. "ಮೊದಲು ಕಾಲರು. ಅಲ್ಲಿಂದ ಭುಜ, ತಿರುಗ ಕಾಲರು. ಅಪ್ಪುರಂ ತೋಳು, ತಿರುಗ ಕಾಲರು. ಬದಿ ಹೊಲಿಗೆ, ಕಾಲರು. ಕೆಳಗಿನ ಮಡಿಕೆ, ಕಾಲರು. ತಪ್ಪು ಸಿಕ್ಕಿದ್ರೆ ಅಲ್ಲಿ ನಿಲ್ಲಬಾರ್ದು. ಬಾಣದ ಸ್ಟಿಕ್ಕರು ಅಂಟಿಸಿ ಮುಂದೆ ಹೋಗ್ತಾ ಇರಬೇಕು. ನಿಂತ್ರೆ ಮುಂದಿನ ತಪ್ಪು ತಪ್ಪಿಸ್ಕೊಳ್ತದೆ. ಆಮೇಲೆ, ಕೈ ಮೊದಲು ಹೋಗಬಾರ್ದು ಮೇಡಂ. ಕೈ ಹೋಗಿ ಬಟ್ಟೆ ನೀವಿದ್ರೆ ಸುಕ್ಕು ಮರೆಯಾಗ್ತದೆ. ಕಣ್ಣು ನೋಡಿ ಆದ ಮೇಲೇ ಕೈ…"

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ವಿಮಾನದ ಎದುರುಫಲಕದ ನಡುವೆ ಆಕಾಶ ಮತ್ತು ನೆಲದ ಗೆರೆ ತೋರಿಸುವ ಒಂದು ಉಪಕರಣವಿರುತ್ತದೆ. ಅದನ್ನು ನೋಡಿ ಇನ್ನೊಂದನ್ನು ನೋಡಬೇಕು, ಮತ್ತೆ ಅದಕ್ಕೇ ಮರಳಬೇಕು. ಎಲ್ಲ ಪುಸ್ತಕದಲ್ಲೂ ಬರೆದಿದೆ, ನಾನೂ ನೂರು ಸಲ ಓದಿ ಹೇಳಿದ್ದೇನೆ. ಆದರೆ ಅದು ಅವಳ ಕೈಗೆ ಬಂದದ್ದು ಪುಸ್ತಕದಿಂದಲ್ಲ. ಶುಕ್ರವಾರ ಬೆಳಗ್ಗೆ ಅವಳು ಬಾಯಿಬಿಟ್ಟು ಹೇಳಿಕೊಳ್ಳುತ್ತಲೇ ಹಾರಿಸಿದಳು: "ಕಾಲರು. ಎತ್ತರ. ಕಾಲರು. ವೇಗ, ಕಮ್ಮಿ, ಸ್ಟಿಕ್ಕರು. ಕಾಲರು. ದಿಕ್ಕು. ಕಾಲರು." ಹಿಂದಿನ ಸೀಟಿನಲ್ಲಿ ನಂಜಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನನಗೆ ನಗಲು ಪುರುಸೊತ್ತಿರಲಿಲ್ಲ. ಎರಡು ಮುಳ್ಳುಗಳೂ ನಡುವಿನಿಂದ ಕದಲಲಿಲ್ಲ. ಮಧ್ಯಾಹ್ನ ಅದೇ ಕೆರೆ, ಅದೇ ತಗಡಿನ ಮೇಲೆ ಕರೆದೊಯ್ದೆ. ವಿಮಾನ ಬಿದ್ದಿತು, ಎದ್ದಿತು. ಅವಳ ಕೈ ಕಣ್ಣಿನ ಅಪ್ಪಣೆ ಬರುವವರೆಗೆ ಸುಮ್ಮನಿತ್ತು.

ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಆಕಾಶವೆಲ್ಲ ಬೂದಿಬಣ್ಣ. ಪಾಲಕ್ಕಾಡಿನ ಕಡೆಯಿಂದ ತಗ್ಗಾದ ಮೋಡ ಹರಿದು ಬಂದು ಊರ ಮೇಲೆ ಕೂತಿತ್ತು, ಜೊತೆಗೆ ಗಾಳಿ. "ಆಡಿ ಗಾಳೀಲಿ ಅಮ್ಮಿಕಲ್ಲೂ ಹಾರ್ತದೆ ಅಂತಾರೆ," ಎಂದು ನಂಜಣ್ಣ ವಿಮಾನಕ್ಕೆ ಕಟ್ಟಿದ ಹಗ್ಗ ಬಿಚ್ಚುತ್ತಾ ಗೊಣಗಿದ. ಅಮ್ಮಿಕಲ್ಲು ಎಂದರೆ ಅರೆಯುವ ಕಲ್ಲು. ತುಳಸಿಯ ಜೊತೆ ಅವಳ ಅಪ್ಪ, ಅವ್ವ ಇಬ್ಬರೂ ಬಂದಿದ್ದರು. ಐದು ವರ್ಷದಿಂದ ಮಗಳು ಬರೆಯುವ ಪರೀಕ್ಷೆ ಯಾವುದೆಂದು ಕಣ್ಣಾರೆ ನೋಡಬೇಕೆಂದು ಅವ್ವ ಹಟ ಹಿಡಿದು ಬಂದದ್ದು. ಆ ಮೋಡ ನೋಡಿ ನಾಯರ್ ಸಾರ್ ಮುಂದೂಡುತ್ತಾರೆ ಎಂದು ನಾನು ಹೆದರಿದೆ. ಅವರು ಮೇಲೆ ನೋಡಿ, "ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ," ಎಂದು ಹತ್ತಿದರು.

ವಿಮಾನ ಏರಿತು, ಕ್ಷಣದಲ್ಲಿ ಬೂದಿಬಣ್ಣ ಅದನ್ನು ನುಂಗಿತು. ಸದ್ದು ಮಾತ್ರ ಉಳಿಯಿತು, ಆಮೇಲೆ ಅದೂ ಇಲ್ಲ. ಅವ್ವ ನನ್ನ ಕೈ ಹಿಡಿದುಕೊಂಡರು. "ನನ್ ಮಗಳು ಎಲ್ಲಿ?" ಎಂದರು. "ಒಳಗಿದ್ದಾಳೆ" ಎಂದೆ. "ಅವಳಿಗೆ ಏನಾದ್ರೂ ಕಾಣ್ತದಾ?" "ಇಲ್ಲ." ಅವರ ಹಿಡಿತ ಬಿಗಿಯಾಯಿತು. ಆ ಮುಕ್ಕಾಲು ಗಂಟೆ ನನ್ನ ಕೆಲಸದ ಜೀವನದ ಅತಿ ಉದ್ದದ ಮುಕ್ಕಾಲು ಗಂಟೆ. ನನ್ನ ತಪ್ಪಿಗೆ ಅವಳು ಬೆಲೆ ತೆರಬಾರದು ಎಂದು ಎಷ್ಟು ದೇವರನ್ನು ಕೇಳಿಕೊಂಡೆನೋ, ಲೆಕ್ಕವಿಲ್ಲ.

ಕೊನೆಗೆ ಮೋಡದ ತಳದಿಂದ ಎರಡು ದೀಪ ಕಂಡವು. ಎಡಕ್ಕಿಲ್ಲ, ಬಲಕ್ಕಿಲ್ಲ, ನೇರ ರನ್‌ವೇಯ ನಡುಗೆರೆಯ ಮೇಲೆ. ನಂಜಣ್ಣ ತಲೆಯ ಟವೆಲ್ ತೆಗೆದು ಬೀಸತೊಡಗಿದ. ನನ್ನ ಕಣ್ಣು ತುಂಬಿ ಬಂತು, ಇಳಿದದ್ದು ಸರಿಯಾಗಿ ನೋಡಲೇ ಇಲ್ಲ.

ನಾಯರ್ ಸಾರ್ ಇಳಿದು ಬಂದರು. ಅವರ ಜೇಬಿನಲ್ಲಿ ಮುಚ್ಚಳಗಳಿರಲಿಲ್ಲ, ಎರಡನ್ನೂ ಬಳಸಿದ್ದರು. "ಮೋಡದೊಳಗೆ ಹೋದ ಮೇಲೆ ಹುಡ್ ತೆಗೆದುಬಿಡು ಎಂದೆ. ತೆಗೆಯಲೂ ಅವಳಿಗೆ ಪುರುಸೊತ್ತಿಲ್ಲ," ಎಂದರು ನನಗೆ. "ಒಂದು ವಿಷಯ ಕೇಳಬೇಕು. ಈ ಕಾಲರ್ ಎಂದರೇನು?"

ಅವ್ವ ಅವರ ಎದುರು ಹೋಗಿ ನಿಂತರು. "ಪಾಸಾ ಸಾರ್?"

"ಪಾಸಮ್ಮಾ. ನಲ್ಲ ಪಾಸು," ಎಂದರು ಸಾರ್. ಸುಮ್ಮನಿದ್ದರೆ ಚೆನ್ನಾಗಿತ್ತು, "ಮುಂದಿನ ವರ್ಷ ತಿರುಗ ಬರಬೇಕು" ಎಂದೂ ಸೇರಿಸಿದರು. ಅವ್ವ ಹಣೆ ಚಚ್ಚಿಕೊಂಡರು. ತುಳಸಿಯ ಅಪ್ಪ ಆವರೆಗೆ ಒಂದು ಮಾತೂ ಆಡದವರು, ದೊಡ್ಡದಾಗಿ ನಕ್ಕುಬಿಟ್ಟರು. ನಾವೆಲ್ಲ ಆ ಗಾಳಿಯಲ್ಲೇ ನಿಂತು ನಕ್ಕೆವು. ಭಾನುವಾರ ರಾತ್ರಿಯ ರೈಲಿಗೆ ಅವಳು ಚೆನ್ನೈಗೆ ಹೋದಳು.

ಆಮೇಲೆ ನಾನು ವಿಧಾನ ಬದಲಿಸಿದೆ. ಒಬ್ಬರಿಗೂ ಒಂದೇ ಹೊತ್ತಿನಲ್ಲಿ ಎರಡು ದಿನ ಅಭ್ಯಾಸ ಮಾಡಿಸಲಿಲ್ಲ. ಕೆಲವು ವರ್ಷಗಳಲ್ಲಿ ಕಂಪ್ಯೂಟರಿನ ಸಿಮ್ಯುಲೇಟರ್ ಬಂತು. ಅದರಲ್ಲಿ ಕೆರೆಯೂ ಇಲ್ಲ, ತಗಡೂ ಇಲ್ಲ, ಕೂತ ಜಾಗಕ್ಕೆ ಏನೂ ತಿಳಿಯುವುದಿಲ್ಲ. ಹಳಬರು ಅದನ್ನು ಆಟಿಕೆ ಎಂದು ಬೈದರು. ಹಳಬಳಾದ ನಾನೂ ಬೈಯಬೇಕಿತ್ತು, ಆದರೆ ಮೈಯನ್ನು ನಂಬಿ ಕೆಟ್ಟವಳು ನಾನು, ಅದಕ್ಕೆ ಕೈಮುಗಿದೆ.

ತುಳಸಿ ಹೋಗಿ ಒಂದೂವರೆ ವರ್ಷವಾಗಿರಬೇಕು. ಒಂದು ಮುಂಜಾನೆ ಹೊಸ ಹುಡುಗನೊಬ್ಬನಿಗೆ ಪಾಠ ಮಾಡಿ ಧಾರಾಪುರಂ ಕಡೆಯಿಂದ ಮೋಡದ ಕೆಳಗೆ ಮರಳುತ್ತಿದ್ದೆ. ಇಳಿಯಲು ಅಪ್ಪಣೆ ಕೇಳಿದೆ. ಕಂಟ್ರೋಲ್ ಟವರಿನವರು ಕಾಯಲು ಹೇಳಿದರು, ಮೋಡದ ಮೇಲಿನಿಂದ ದೊಡ್ಡ ವಿಮಾನವೊಂದು ಮುಳ್ಳು ಹಿಡಿದು ಇಳಿಯುತ್ತಿದೆ, ಅದು ಮೊದಲು. ಮರುಕ್ಷಣ ರೇಡಿಯೋದಲ್ಲಿ ಆ ವಿಮಾನದ ದನಿ ಬಂತು. ಹೆಣ್ಣಿನ ದನಿ. ತುಳಸಿಮಣಿ.

ನಾನು ಮಾತಾಡಿದ್ದನ್ನು ಅವಳು ಕೇಳಿರಲೇಬೇಕು. ನನ್ನ ದನಿ ಅವಳಿಗೆ ಗೊತ್ತಿಲ್ಲವೇ? ಒಂದು ನಮಸ್ಕಾರವಾದರೂ ಹೇಳುತ್ತಾಳೆ ಎಂದು ಕಾದೆ. ಹೇಳಲಿಲ್ಲ. ಎತ್ತರ ಹೇಳಿದಳು, ದಿಕ್ಕು ಹೇಳಿದಳು, ಟವರಿನವರ ಮಾತನ್ನು ಅಕ್ಷರ ಬಿಡದೆ ತಿರುಗಿ ಒಪ್ಪಿಸಿದಳು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಮ್ಮಿಯಿಲ್ಲ. ಅವಳ ಕಣ್ಣು ಆಗ ಎಲ್ಲಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು: ಕಾಲರಿನ ಮೇಲೆ. ನಾನು ಕಲಿಸಿದ ಯಾರೂ ನನಗೆ ಅದಕ್ಕಿಂತ ದೊಡ್ಡ ಗೌರವ ಕೊಟ್ಟಿಲ್ಲ.

"ಯಾಕೆ ಮೇಡಂ, ಅಳ್ತಾ ಇದೀರಾ?" ಎಂದ ಹೊಸ ಹುಡುಗ.

"ನನ್ನನ್ನು ನೋಡಬೇಡ, ಮುಳ್ಳು ನೋಡು," ಎಂದು ಗದರಿದೆ. ಮೋಡದಿಂದ ಆ ದೊಡ್ಡ ವಿಮಾನ ಹೊರಬಂತು. ನಾವು ಎಡಕ್ಕೆ ವಾಲಿ, ಅವಳಿಗೆ ದಾರಿ ಬಿಟ್ಟೆವು.